‘ಬಿಡ್ರಿ’ ಅಂದರೆ ಯಾವ ಬಿಡ್ರಿ

ಎಡಗಡೆಯ ಸೀಟಿನಲ್ಲಿ ಕುಳಿತು ಹದಿನೆಂಟು ವರ್ಷ ಸಂಬಳ ತಿಂದವನು ನಾನು. ಸ್ಟೇರಿಂಗ್ ಇನ್ನೊಬ್ಬರ ಕೈಯಲ್ಲಿ, ಜೀವ ಮಾತ್ರ ನನ್ನದು. ಚಿಕ್ಕೋಡಿಯ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಮಾಸ್ತರನಾಗಿ ಎಂಬತ್ತರ ದಶಕದ ಆರಂಭದಲ್ಲಿ ಸೇರಿದೆ. ಹೋದ ವರ್ಷ, ಇನ್ನೂ ಐವತ್ತೆರಡು ತುಂಬುವ ಮೊದಲೇ, ನನ್ನ ರಕ್ತದೊತ್ತಡ ನೋಡಿದ ವೈದ್ಯರು ಯಂತ್ರ ಕೆಟ್ಟಿರಬೇಕೆಂದು ಇನ್ನೊಂದು ಯಂತ್ರ ತರಿಸಿದರು. ಅದೂ ಅಷ್ಟೇ ತೋರಿಸಿತು. ಹೀಗೆ ನನ್ನ ನಿವೃತ್ತಿಯಾಯಿತು.

ಹೆದರುವುದು ನನ್ನ ಹುಟ್ಟುಗುಣ. ಈ ಕೆಲಸಕ್ಕೆ ಬಂದ ಮೇಲೆ ಅದು ಬಲಗಾಲಿಗೆ ಇಳಿಯಿತು. ಕಲಿಸುವ ಕಾರಿನಲ್ಲಿ ಮಾಸ್ತರನ ಕಾಲ ಕೆಳಗೂ ಎರಡು ಪೆಡಲು ಇರುತ್ತವೆ: ಎಡಕ್ಕೆ ಇಂಜಿನನ್ನು ಗಾಲಿಯಿಂದ ಬಿಡಿಸುವ ಕ್ಲಚ್ಚು, ಬಲಕ್ಕೆ ಬ್ರೇಕು. ಆಕ್ಸಿಲರೇಟರ್ ಇರುವುದಿಲ್ಲ. ಗಾಡಿ ನಿಲ್ಲಿಸುವ ಅಧಿಕಾರ ಮಾಸ್ತರನಿಗೆ ಉಂಟು, ಓಡಿಸುವ ಅಧಿಕಾರ ಇಲ್ಲ. ನನಗೆ ಅದೇ ಸರಿಹೋಗಿತ್ತು. ಮದುವೆ ಊಟದಲ್ಲಿ ಸಾರು ಬಡಿಸುವವನು ಜೋರಾಗಿ ನನ್ನ ಕಡೆಗೆ ಬಂದರೂ ಎಲೆಯ ಮುಂದೆ ಕುಳಿತ ನನ್ನ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ‘ಬ್ಯಾರೇದವರಿಗೆ ದುಡಿಯಾಕ ಪಗಾರ ಕೊಡ್ತಾರ, ನಿಮಗ ಹೆದರಾಕ ಕೊಡ್ತಾರ ನೋಡ್ರಿ’ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು.

ನನ್ನ ಜಾಗಕ್ಕೆ ಈಗ ಇಬ್ಬರು ಹೊಸ ಮಾಸ್ತರರು ಬಂದಿದ್ದಾರೆ. ಮೊನ್ನೆ ಅವರು ಮನೆಗೆ ಬಂದು ಒಂದು ಪ್ರಶ್ನೆ ಕೇಳಿದರು. ಕೊಲ್ಲಾಪುರದಲ್ಲಿ, ಬೆಳಗಾವಿಯಲ್ಲಿ ಓದುವ ಹುಡುಗರು ರಜೆಗೆ ಬಂದು, ‘ಕಂಪ್ಯೂಟರನ್ಯಾಗ ಗಾಡಿ ಓಡಿಸೇನ್ರಿ, ನನಗ ನಾಲ್ಕ ದಿನಾ ಸಾಕು’ ಅನ್ನುತ್ತಾರಂತೆ. ಆಟದಲ್ಲಿ ಕಲಿತದ್ದು ರಸ್ತೆಗೆ ಬರುತ್ತದೆಯೇ? ನಾನು ಕೂಡಲೇ ಉತ್ತರ ಹೇಳಲಿಲ್ಲ. ಚಹಾ ಕುಡಿಸಿ ಕಳಿಸಿದೆ. ಉತ್ತರ ಉದ್ದವಿದೆ, ಅದರಲ್ಲಿ ನನ್ನ ಮರ್ಯಾದೆಯ ಪ್ರಶ್ನೆಯೂ ಇದೆ. ಬರೆಯುವುದಾದರೆ ಕೇಳುವವರ ಮುಖ ನೋಡಬೇಕಿಲ್ಲ.

ಮೊದಲು ಒಂದು ಮಾತು. ಏನೂ ಕಲಿಯದೆ ಬರುವವರು ಯಾರೂ ಇಲ್ಲ. ಎಲ್ಲರೂ ಏನೋ ಒಂದನ್ನು ಕಲಿತೇ ಬರುತ್ತಾರೆ, ಅದನ್ನು ಬಿಡಿಸುವುದೇ ನಮ್ಮ ಅರ್ಧ ಕೆಲಸ. ಎಂಬತ್ತರ ದಶಕದಲ್ಲಿ ಕಬ್ಬೂರಿನಿಂದ ಒಬ್ಬ ಟ್ರ್ಯಾಕ್ಟರ್ ಚಾಲಕ ಬಂದಿದ್ದ. ಹತ್ತು ಹಂಗಾಮು ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸಿದವನು. ಇವನಿಗೆ ಕಲಿಸುವುದು ಏನಿದೆ ಎಂದು ನಾನು ಮೊದಲ ದಿನವೇ ರಾಯಬಾಗದ ದಾರಿಗೆ ಕರೆದುಕೊಂಡು ಹೋದೆ. ಆತ ಗೇರು ಹಾಕಿದ, ಗಾಡಿ ಎಬ್ಬಿಸಿದ, ಆಮೇಲೆ ಪೂರ್ತಿ ಹಿಂದಕ್ಕೆ ತಿರುಗಿ ಕುಳಿತ! ‘ಮುಂದ ನೋಡೋ ಮಾರಾಯ!’ ಎಂದು ಕಿರುಚಿದರೆ, ‘ಹಿಂದ ಕಬ್ಬ ಬೀಳ್ತಾವೇನ ಅಂತ ನೋಡಾಕತ್ತೇನ್ರಿ ಮಾಸ್ತರ’ ಎಂದ. ಹಿಂದಿನ ಸೀಟಿನಲ್ಲಿ ನನ್ನ ಛತ್ರಿ ಬಿಟ್ಟರೆ ಏನೂ ಇರಲಿಲ್ಲ. ಹದಿನೈದು ದಿನ ಅವನ ಗದ್ದ ಹಿಡಿದು ಮುಂದಕ್ಕೆ ತಿರುಗಿಸುವುದೇ ನನ್ನ ಪಾಠವಾಯಿತು. ಅವನ ಕೈ ಬಂಗಾರದಂಥದ್ದು. ಕುತ್ತಿಗೆ ಮಾತ್ರ ಟ್ರ್ಯಾಕ್ಟರಿನದು.

ಆಟದ ಯಂತ್ರದ ಸಂಗತಿ ಇದಾದ ಮೇಲೆ, ತೊಂಬತ್ತರ ದಶಕದ ನಡುವಿನದು.

ಚಿಕ್ಕೋಡಿ ಬಸ್‌ ನಿಲ್ದಾಣದ ಹಿಂದಿನ ಓಣಿಯಲ್ಲಿ ಇಕ್ಬಾಲ್ ಭಾಯಿ ಎಂಬವರು ಒಂದು ವಿಡಿಯೋ ಗೇಮ್ ಪಾರ್ಲರ್ ಇಟ್ಟಿದ್ದರು. ಮುಂಬೈಯಲ್ಲಿ ಯಾರೋ ಬಳಸಿ ಬಿಟ್ಟ ಯಂತ್ರಗಳನ್ನು ಲಾರಿಯಲ್ಲಿ ತರಿಸಿದ್ದರು. ಅದರಲ್ಲಿ ಒಂದು ಕಾರಿನ ಆಟ. ನಿಜವಾದ ಸೀಟು, ಸ್ಟೇರಿಂಗು, ಕಾಲ ಕೆಳಗೆ ಎರಡು ಪೆಡಲು, ಎದುರಿಗೆ ಪರದೆಯ ಮೇಲೆ ಓಡುವ ರಸ್ತೆ. ಇಕ್ಬಾಲ್ ಭಾಯಿ ತಮ್ಮ ಮಾರುತಿ ವ್ಯಾನನ್ನು ಬಾಡಿಗೆಗೆ ಓಡಿಸಲು ಹೋದಾಗ ಅಂಗಡಿಯಲ್ಲಿ ಅವರ ಹೆಂಡತಿ ಮೆಹರುನ್ನಿಸಾ ಕೂರುತ್ತಿದ್ದರು. ಮೂವತ್ತರ ಆಚೀಚಿನ ವಯಸ್ಸು. ಮಧ್ಯಾಹ್ನ ಅಂಗಡಿ ಖಾಲಿ ಇದ್ದಾಗ ಆಕೆಯೇ ಆ ಯಂತ್ರದ ಮೇಲೆ ಕುಳಿತು ಆಡಿ ಆಡಿ, ಕೊನೆಗೆ ನಿಪ್ಪಾಣಿಯಿಂದ ಪಂದ್ಯ ಕಟ್ಟಿ ಬಂದವರನ್ನೂ ಸೋಲಿಸುವಂತಾಗಿದ್ದರು.

ಒಂದು ಬೆಳಿಗ್ಗೆ ಇಕ್ಬಾಲ್ ಭಾಯಿಗೆ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ನಿಂತುಹೋದವು. ಮಿರಜದ ವೈದ್ಯರು ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶನಿವಾರ, ಬಂದು ಕೈಕಾಲಿನ ವ್ಯಾಯಾಮ ಮಾಡಿಸಿಕೊಂಡು ಹೋಗಬೇಕೆಂದರು. ಮೊದಲ ಕೆಲವು ತಿಂಗಳಲ್ಲಿ ಶಕ್ತಿ ತಿರುಗಿ ಬಂದಷ್ಟು ಬಂತು, ಆಮೇಲೆ ಕಷ್ಟ ಎಂದೂ ಹೇಳಿದರು. ವ್ಯಾನು ಮನೆಯ ಮುಂದೆಯೇ ನಿಂತಿತ್ತು. ಓಡಿಸುವವರಿರಲಿಲ್ಲ. ಕಬ್ಬಿನ ಹಂಗಾಮಿನಲ್ಲಿ ನಮ್ಮ ಕಡೆ ಚಾಲಕ ಸಿಗುವುದಿಲ್ಲ; ಸ್ಟೇರಿಂಗ್ ಹಿಡಿಯಬಲ್ಲವರೆಲ್ಲ ಟ್ರ್ಯಾಕ್ಟರ್ ಹತ್ತಿಬಿಟ್ಟಿರುತ್ತಾರೆ. ಸಿಕ್ಕ ಒಬ್ಬನೂ ಒಂದು ವಾರ ಬಂದರೆ ಎರಡು ವಾರ ಮಾಯ. ಸ್ಕೂಲಿನ ಮಾಲೀಕರಲ್ಲಿ ರಜೆ ಕೇಳಿ ಒಂದು ಶನಿವಾರ, ಎರಡು ಓಣಿ ಆಚೆಯವನಾದ ನಾನೇ ಅವರನ್ನು ಕರೆದುಕೊಂಡು ಹೋಗಿ ಬಂದೆ.

ಹಿಂದಿರುಗುವಾಗ ಮೆಹರುನ್ನಿಸಾ ಹಿಂದಿನಿಂದ ಕೇಳಿದರು: ‘ಮಾಸ್ತರ, ನನಗ ಕಲಸ್ತೀರೇನ್ರಿ?’

‘ಕಲಸೂದು ನನ್ನ ಕೆಲಸಾನ ಅಲ್ರಿ ಭಾಭಿ. ಆದರ...’

‘ಆದರ ಏನ್ರಿ? ನನಗ ಅರ್ಧಾ ಬರತೈತಿ.’

‘ಎಲ್ಲಿ ಕಲ್ತೀರಿ?’

‘ನಮ್ಮ ಮಶೀನ್‌ದಾಗ!’

ಇಕ್ಬಾಲ್ ಭಾಯಿ ಎಳೆದುಹೋದ ಬಾಯಿಯಿಂದಲೇ ನಕ್ಕರು. ನನಗೆ ನಗು ಬರಲಿಲ್ಲ. ಬೆವರು ಬಂತು.

ಮರುದಿನ ಮಧ್ಯಾಹ್ನ, ಆ ಯಂತ್ರ ಏನು ಕಲಿಸಿದೆಯೆಂದು ನೋಡಲು ಹೋದೆ. ಮಾಸ್ತರ ಎಂಬ ಗತ್ತಿನಿಂದ ಸೀಟಿನಲ್ಲಿ ಕುಳಿತೆ. ಎದುರಿಗೆ ಒಂದು ಕೆಂಪು ಕಾರು ಬಂತು. ಬ್ರೇಕು ಒತ್ತಿದೆ. ಹಿಂದಿನಿಂದ ಇನ್ನೊಂದು ಗುದ್ದಿತು. ನನ್ನ ಕಾರು ಮೂರು ಪಲ್ಟಿ ಹೊಡೆದು ಬೆಂಕಿ ಹತ್ತಿತು. ಅಂಗಡಿಯಲ್ಲಿದ್ದ ನಾಲ್ಕು ಜನ ನನ್ನ ಬೆನ್ನ ಹಿಂದೆ ಕೂಡಿ, ‘ಬಿಡ್ರೀ ಮಾಸ್ತರ, ಬಿಡ್ರೀ!’ ಎಂದು ಕೂಗತೊಡಗಿದರು. ನಾನು ಸ್ಟೇರಿಂಗ್ ಬಿಟ್ಟುಬಿಟ್ಟೆ. ಎಲ್ಲರೂ ಗೊಳ್ಳೆಂದು ನಕ್ಕರು. ಅವರು ಹೇಳಿದ್ದು ಜೋರಾಗಿ ಗಾಡಿ ಬಿಡು ಎಂದಂತೆ. ಒಂದು ನಿಮಿಷದೊಳಗೆ ನಾನು ಮೂರು ಸಲ ಸತ್ತೆ.

‘ಇದರಾಗ ಬ್ರೇಕ್ ಯಾರೂ ಒತ್ತೂದಿಲ್ರಿ ಮಾಸ್ತರ’ ಎಂದು ಮೆಹರುನ್ನಿಸಾ ಸಮಾಧಾನ ಮಾಡಿದರು.

‘ಎದುರಿನ ಗಾಡಿಗೆ ಹಾಯ್ದರ ಏನಾಗತೈತ್ರಿ?’

‘ಗಾಡಿ ಹಾರತೈತಿ. ಮತ್ತ ತಾನ ರೋಡಿಗೆ ಬಂದ ನಿಂದರತೈತಿ.’

ಅವತ್ತು ನಗೆಪಾಟಲಾದ ಸಂಕಟದಲ್ಲಿ ನಾನು ಒಂದು ಸಂಗತಿಯನ್ನು ಗಮನಿಸದೇ ಹೋದೆ. ಕಿವಿಗೆ ಬಿದ್ದ ಆ ‘ಬಿಡ್ರೀ’ ಎಂಬ ಮಾತನ್ನು ಅಲ್ಲೇ ಎತ್ತಿಕೊಂಡಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಕಲಿಸಲು ಶುರುಮಾಡಿದೆ. ನಮ್ಮ ಸ್ಕೂಲಿನದು ಹಳೆಯ ಫಿಯಾಟ್. ಕ್ಲಚ್ಚು, ಗೇರು ಆಕೆಗೆ ಹೊಸದು. ಮೊದಲ ವಾರ ಎಲ್ಲರಂತೆ ಗಾಡಿಯನ್ನು ಕಪ್ಪೆಯಂತೆ ಕುಣಿಸಿದರು. ಆದರೆ ಆಕೆಯ ಕೈ! ಹದಿಮೂರು ವರ್ಷ ಕಲಿಸಿದ್ದ ನಾನು ಅಂಥ ಕೈ ನೋಡಿರಲಿಲ್ಲ. ಸ್ಟೇರಿಂಗನ್ನು ಬಿಗಿ ಹಿಡಿಯುವುದಿಲ್ಲ, ಅತ್ತಿತ್ತ ಜಗ್ಗುವುದಿಲ್ಲ. ಕಣ್ಣು ಬಾನೆಟ್ಟಿನ ಮೇಲಲ್ಲ, ದೂರದ ತಿರುವಿನ ಮೇಲೆ. ಇದು ಯಂತ್ರದ ಗುಣವೆಂದು ನಾನು ಒಪ್ಪಲೇಬೇಕು.

ಇಲ್ಲದ್ದು ಎರಡು. ಒಂದು, ರಸ್ತೆಯ ಅಂಚಿನ ಕಡೆಗೆ ಆಕೆ ನೋಡುತ್ತಲೇ ಇರಲಿಲ್ಲ; ಕನ್ನಡಿಗಳನ್ನಂತೂ ತಲೆ ಬಾಚಿಕೊಳ್ಳಲು ಇಟ್ಟದ್ದೆಂದು ತಿಳಿದಂತಿತ್ತು. ಇನ್ನೊಂದು, ಹೆದರಿಕೆ. ಕಬ್ಬು ತುಂಬಿದ ಎರಡು ಟ್ರೇಲರುಗಳು ಹಾವಿನಂತೆ ಬಾಲ ಆಡಿಸುತ್ತ ಹೋಗುವಾಗ ನಾನು ಅರ್ಧ ಮೈಲು ಹಿಂದೆಯೇ ದೇವರನ್ನು ನೆನೆಯುತ್ತೇನೆ. ಆಕೆ ಹಾಡಿನ ಸಾಲು ಗುನುಗುತ್ತ ಪಕ್ಕದಲ್ಲೇ ಸರ್ರನೆ ದಾಟಿಬಿಡುವರು. ಚಾಚಿಕೊಂಡ ಕಬ್ಬಿನ ತುದಿಗಳು ನನ್ನ ಕಿಟಕಿಯನ್ನು ಕೆರೆದುಕೊಂಡು ಹೋಗುವಾಗ ನನ್ನ ಕಾಲುಗಳೆರಡೂ ಪೆಡಲುಗಳಿಗಾಗಿ ತಡಕಾಡುತ್ತಿದ್ದವು.

‘ಭಾಭಿ, ಸ್ವಲ್ಪ ಹೆದರ್ರಿ’ ಎಂದು ಬೇಡಿಕೊಂಡೆ.

‘ಇಬ್ಬರೂ ಹೆದರಿದರ ಗಾಡಿ ಹೊಡಿಯಾವ್ರ ಯಾರ್ರಿ?’ ಎಂದರು.

ಜನವರಿಯ ಒಂದು ದಿನ, ಬೆಳಗಿನ ಹತ್ತರ ಸುಮಾರಿಗೆ, ಅಂಕಲಿ ದಾಟಿ ಕೃಷ್ಣಾ ನದಿಯ ಸೇತುವೆಯ ಕಡೆಗೆ ಹೊರಟಿದ್ದೆವು. ಮಿರಜದ ದಾರಿ ಅದೇ, ರೂಢಿಯಾಗಲಿ ಎಂದು. ಸೇತುವೆಗೆ ಮೊದಲು ರಸ್ತೆ ಇಳಿಜಾರು. ಮುಂದೆ ಕಬ್ಬಿನ ಟ್ರ್ಯಾಕ್ಟರು, ಹಿಂದೆ ಎರಡು ಟ್ರೇಲರು. ಆಕೆ ಎಂದಿನಂತೆ ಬಲಕ್ಕೆ ತೆಗೆದರು. ಎದುರಿಗೆ, ಸೇತುವೆಯ ಕಡೆಯಿಂದ, ಬಸ್ಸು ಮೂಡಿತು.

ದಾಟಲು ಜಾಗವಿಲ್ಲ. ಕಾಲು ಎತ್ತಿ, ಹಿಂದೆ ಸರಿದು, ಮತ್ತೆ ಟ್ರ್ಯಾಕ್ಟರಿನ ಬೆನ್ನಿಗೆ ಸೇರಿಕೊಳ್ಳಬೇಕು. ನಾನು ಕೂಗಿದೆ: ‘ಬಿಡ್ರಿ! ಬಿಡ್ರಿ!’

ಆಕ್ಸಿಲರೇಟರಿನಿಂದ ಕಾಲು ಬಿಡಿ ಎಂದು ನನ್ನ ಅರ್ಥ. ಆಕೆ ಕೇಳಿದ್ದು, ಮೂರು ವರ್ಷ ಪಾರ್ಲರಿನಲ್ಲಿ ಬೆನ್ನ ಹಿಂದೆ ಕೇಳಿದ್ದ ‘ಬಿಡ್ರಿ’. ಪೆಡಲನ್ನು ನೆಲಕ್ಕೆ ಒತ್ತಿಬಿಟ್ಟರು.

ಅದಕ್ಕೇ ನನ್ನ ಬ್ರೇಕು ಇತ್ತಲ್ಲ, ಇಂಥ ಹೊತ್ತಿಗೆಂದೇ ನನಗೆ ಸಂಬಳ. ನಾನೂ ನನ್ನ ಪೆಡಲನ್ನು ಮೈಯ ಭಾರವೆಲ್ಲ ಹಾಕಿ ಒತ್ತಿದೆ. ಗಾಡಿ ನಿಲ್ಲಲಿಲ್ಲ. ಇಂಜಿನು ಹುಚ್ಚು ಹಿಡಿದಂತೆ ಕಿರುಚಿತು, ಗಾಡಿ ಇಳಿಜಾರಿನಲ್ಲಿ ಜಾರುತ್ತಲೇ ಹೋಯಿತು. ಇನ್ನೂ ಜೋರಾಗಿ ಒತ್ತಿದೆ. ನನ್ನ ಎರಡೂ ಕಾಲುಗಳು, ಒಂದರ ಮೇಲೊಂದು, ಕ್ಲಚ್ಚಿನ ಮೇಲಿದ್ದವು.

ಬಸ್ಸಿನ ಚಾಲಕನ ಮುಖ ಕಾಣಿಸಿತು. ಅವನ ಬಾಯಿ ತೆರೆದಿತ್ತು. ನಾನು ಕಣ್ಣು ಮುಚ್ಚಿದೆ. ಮಾಸ್ತರನೊಬ್ಬ ಮಾಡಬಾರದ ಕೆಲಸಗಳ ಪಟ್ಟಿಯಲ್ಲಿ ಇದು ಮೊದಲನೆಯದು, ಹೊಸಬರು ಗಮನಿಸಬೇಕು.

ಮೆಹರುನ್ನಿಸಾ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದರು. ಬಸ್ಸು ನಮ್ಮ ಎಡಕ್ಕೆ, ನಮಗೂ ಟ್ರ್ಯಾಕ್ಟರಿಗೂ ನಡುವೆ, ಗಾಳಿ ಬೀಸಿದಂತೆ ಹಾದುಹೋಯಿತು. ನಾವು ಡಾಂಬರು ಇಳಿದು, ಮಣ್ಣಿನ ಅಂಚು ಹಾರಿ, ಕಬ್ಬು ಕಡಿದ ಹೊಲದ ಕಪ್ಪು ಮಣ್ಣಿನಲ್ಲಿ ಹೂತು ನಿಂತೆವು. ನನ್ನ ಬುದ್ಧಿ ಸತ್ತಿದ್ದ ಆ ಕ್ಷಣದಲ್ಲಿ ಆಕೆಯ ಕೈ ನಮ್ಮನ್ನು ಉಳಿಸಿತು. ಆ ಕೈಯನ್ನು ಕಲಿಸಿದ್ದು ನಾನಲ್ಲ.

ಕಣ್ಣು ಬಿಟ್ಟರೆ, ಬಾನೆಟ್ಟಿನ ಮುಂದೆ ಎರಡು ಮೊಳದಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ತಲೆಯ ಮೇಲೆ ಹಸಿರು ಮೇವಿನ ಹೊರೆ. ಹೊರೆ ಇಳಿಸಲಿಲ್ಲ, ಕಿರುಚಲಿಲ್ಲ. ‘ಸಾಯ್ತಿದ್ನೆಲ್ಲವ್ವಾ’ ಎಂದು ಮೆಲ್ಲಗೆ ಹೇಳಿ, ನಮ್ಮನ್ನು ಸುತ್ತಿಕೊಂಡು ಹೊರಟುಹೋದಳು.

ಮೆಹರುನ್ನಿಸಾ ಆಕೆ ಹೋದ ದಿಕ್ಕನ್ನೇ ನೋಡುತ್ತಿದ್ದರು.

‘ಮಶೀನ್‌ದಾಗ ರೋಡಿನ ಬಾಜೂಕ ಮಂದಿ ಇರೂದಿಲ್ರಿ ಮಾಸ್ತರ’ ಎಂದರು.

ಬೀಗದ ಕೈ ತೆಗೆದು ನನ್ನ ತೊಡೆಯ ಮೇಲಿಟ್ಟರು. ‘ನೀವ ಬ್ರೇಕ್ ಒತ್ತಿದರೂ ಗಾಡಿ ನಿಲ್ಲಲಿಲ್ಲ. ಅಷ್ಟ ಜೋರ ಒತ್ತಿದ್ನೇನ ನಾನು? ನನಗ ಬ್ಯಾಡ್ರಿ ಇದು. ಒಬ್ಬಾಕಿನ್ನ ಕೊಲ್ತಿದ್ನಿ.’

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ. ‘ಆಗ್ಲಿ ಬರ್ರಿ, ಮನಿಗೆ ಹೋಗೂಣು’ ಎಂಬ ಮಾತು ಹೊರಗೆ ಬಂತು.

ಸಂಜೆ ಮಾಲೀಕ ಬಾಳಾಸಾಹೇಬರಿಗೆ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ, ಸ್ಕೂಲಿನ ಹೆಸರಿನ ಮೇಲೆ ಜೀವ ಅವರಿಗೆ.

‘ಕ್ಲಚ್ ಒತ್ತಿದ್ದು ಯಾರ ನೋಡ್ಯಾರ?’

‘ನಾ ನೋಡೇನ್ರಿ ಸಾವಕಾರ್ರ.’

‘ನೀ ನೋಡಿದರ ನಡೀತೈತಿ. ಊರ ನೋಡಬಾರ್ದು. ಬಾಯಿ ಮುಚಗೊಂಡಿರು.’

ಬಾಯಿ ಮುಚ್ಚಿಕೊಂಡಿರಲು ನನಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆದರೂ ಮಾಲೀಕರು ಹೇಳಿದರು ಎಂಬ ನೆಪ ಸಿಕ್ಕಿದ್ದು ಹಿತವಾಯಿತು.

ಮಂಗಳವಾರ ಬಂತು, ಆ ಚಾಲಕ ಮತ್ತೆ ಮಾಯವಾಗಿದ್ದ, ಅವರು ಮಿರಜಕ್ಕೆ ಹೋಗಲಿಲ್ಲ. ಶನಿವಾರ ಇಕ್ಬಾಲ್ ಭಾಯಿಯನ್ನು ಕುರ್ಚಿಯಲ್ಲಿ ಎತ್ತಿ ಬಸ್ಸು ಹತ್ತಿಸಲು ಹೋದರಂತೆ. ಮೆಟ್ಟಿಲಲ್ಲಿ ಅವರು ಜಾರಿ ಬಿದ್ದರು. ಇನ್ನು ಬಸ್ಸು ಬೇಡ ಎಂದು ಹಟ ಹಿಡಿದರು. ಇದನ್ನೆಲ್ಲ ನಾನು ಚಹಾದಂಗಡಿಯಲ್ಲಿ ಕೇಳಿದೆ, ಕಪ್ಪು ಕೆಳಗಿಟ್ಟು ಎದ್ದುಬಂದೆ. ಮುಂದಿನ ಮಂಗಳವಾರವೂ ಹೋಯಿತು. ‘ನೀನೇ ಮತ್ತೊಮ್ಮೆ ಕರೆದುಕೊಂಡು ಹೋಗಬಹುದಿತ್ತಲ್ಲ’ ಎಂದು ನೀವು ಕೇಳುವಿರಿ. ಮಾಲೀಕರು ರಜೆ ಕೊಡುತ್ತಿರಲಿಲ್ಲ ಎನ್ನಬಹುದು. ನಿಜವೆಂದರೆ ನಾನು ಕೇಳಲೇ ಇಲ್ಲ. ಆ ಓಣಿಗೆ ಹೋಗುವುದನ್ನೇ ಬಿಟ್ಟು ಸುತ್ತು ಹಾಕಿ ಮನೆಗೆ ಹೋಗುತ್ತಿದ್ದೆ. ಅಪಘಾತಕ್ಕೆ ಹೆದರಿದ್ದು ಒಂದು ನಿಮಿಷ. ಮೆಹರುನ್ನಿಸಾರ ಮುಖಕ್ಕೆ ಹೆದರಿದ್ದು ಹನ್ನೆರಡು ದಿನ. ಆಕೆ ತನ್ನನ್ನು ಕೊಲೆಗಾರ್ತಿ ಎಂದುಕೊಂಡು ಕುಳಿತಿದ್ದರು, ಅತ್ತ ಇಕ್ಬಾಲ್ ಭಾಯಿಯ ತಿಂಗಳುಗಳು ಕರಗುತ್ತಿದ್ದವು, ಎರಡಕ್ಕೂ ನನ್ನ ಒಂದು ಮಾತು ಸಾಕಿತ್ತು.

ಹದಿಮೂರನೆಯ ದಿನ ಮಧ್ಯಾಹ್ನ ಹೋದೆ. ಧೈರ್ಯ ಬಂತೆಂದಲ್ಲ; ಹಿಂದಿನ ರಾತ್ರಿ ನಿದ್ದೆಯಲ್ಲಿ ಕಾಲು ಒತ್ತಿ ಒತ್ತಿ ಹೆಂಡತಿಯನ್ನು ಮಂಚದಿಂದ ಕೆಳಗೆ ತಳ್ಳಿದ್ದೆ. ‘ಏನೈತಿ ಅದನ್ನ ಹೋಗಿ ಹೇಳಿ ಬರ್ರಿ, ಇಲ್ಲಾ ಹೊರಗ ಮಲಗ್ರಿ’ ಎಂದಿದ್ದಳು.

ಅಂಗಡಿ ಖಾಲಿ ಇತ್ತು. ಕಾರಿನ ಯಂತ್ರದ ಪರದೆ ಕಪ್ಪಗಿತ್ತು. ಮೆಹರುನ್ನಿಸಾ ಸ್ಟೂಲಿನ ಮೇಲೆ, ಒಳಗೆ ಪರದೆಯ ಹಿಂದೆ ಮಂಚದ ಮೇಲೆ ಇಕ್ಬಾಲ್ ಭಾಯಿ. ನಿಂತುಕೊಂಡೇ ಹೇಳಿದೆ.

‘ಭಾಭಿ, ಅವತ್ತ ನಾ ಬ್ರೇಕ್ ಒತ್ತಿರಲಿಲ್ರಿ. ಕ್ಲಚ್ ಒತ್ತೇನಿ. ಅದಕ್ಕ ಗಾಡಿ ನಿಲ್ಲಲಿಲ್ಲ. ಬಿಡ್ರಿ ಅಂದಿದ್ದು ಕಾಲ ಎತ್ತರಿ ಅಂತ. ತಪ್ಪ ನನ್ನದು, ಎರಡೂ ನನ್ನವು.’

ಆಕೆ ಯಂತ್ರದ ಕಪ್ಪು ಪರದೆಯ ಕಡೆಗೆ ತಿರುಗಿದರು. ‘ಹನ್ನೆರಡ ದಿನಾ ಆ ಹೆಣಮಗಳು ಕಣ್ಣಮುಂದ ನಿಂತಾಳ್ರಿ ಮಾಸ್ತರ. ನೀವ ಇಲ್ಲೇ, ಎರಡ ಓಣಿ ಆಚೆಗೆ ಇದ್ರಿ’ ಎಂದರು. ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು.

ಒಳಗಿನಿಂದ ಇಕ್ಬಾಲ್ ಭಾಯಿಯ ನಗು ಕೇಳಿಸಿತು. ‘ಕ್ಲಚ್! ಯಾ ಅಲ್ಲಾ, ಮಾಸ್ತರ ಕ್ಲಚ್ ಒತ್ಯಾರ!’ ನಗು ಹಾಗೇ ಕೆಮ್ಮಾಗಿ, ಕೆಮ್ಮು ನಿಂತ ಮೇಲೆ ಒಂದೇ ಮಾತು: ‘ನಾಳೆ ಶನಿವಾರ ಐತಿ.’

ಮೆಹರುನ್ನಿಸಾ ಎದ್ದರು. ‘ನಿಮ್ಮ ಗಾಡ್ಯಾಗ ನಾ ಕುಂದರೂದಿಲ್ಲ. ನಮ್ಮ ವ್ಯಾನ್ ತಗೊಂಡ ಹೋಗೂಣು. ಇವರು ನನ್ನ ಬಾಜೂಕ ಕುಂದರ್ಲಿ, ಲೈಸೆನ್ಸ್ ಐತಿ ಅವರಿಗೆ. ನೀವ ಹಿಂದ ಕುಂದರ್ರಿ. ಬಿಡ್ರಿ ಅನ್ನೂ ಮಾತ ಒಂದು ನಿಮ್ಮ ಬಾಯಾಗಿಂದ ಬರಬಾರ್ದು.’

ಶನಿವಾರ ಹಿಂದಿನ ಸೀಟಿನಲ್ಲಿ ಕುಳಿತೆ. ನನ್ನ ಕಾಲಿಗೆ ಒತ್ತಲು ಏನೂ ಇರಲಿಲ್ಲ. ಅಂಥ ಭಯವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಂಕಲಿ ದಾಟುತ್ತಲೇ, ಬೇಕೆಂದೇ ಕಾದಿದ್ದಂತೆ, ಮುಂದೆ ಕಬ್ಬಿನ ಟ್ರ್ಯಾಕ್ಟರು. ಆಕೆ ಕಾಲು ಎತ್ತಿದರು. ವ್ಯಾನು ಎತ್ತಿನ ಗಾಡಿಯ ವೇಗಕ್ಕೆ ಇಳಿಯಿತು. ಹಿಂದೆ ಜೀಪು, ಲಾರಿಗಳು ಸಾಲುಗಟ್ಟಿ ಹಾರ್ನ್ ಬಾರಿಸತೊಡಗಿದವು. ಎದುರಿಗೆ ರಸ್ತೆ ಖಾಲಿ ಇತ್ತು.

‘ಜಾಗಾ ಐತೆಲ್ಲಾ, ಹಾಕ ಮುಂದ’ ಎಂದರು ಇಕ್ಬಾಲ್ ಭಾಯಿ.

‘ಜಾಗಾ ಐತ್ರಿ. ಬಾಜೂಕ ಯಾರರ ಅದಾರೇನ ನೋಡಾಕತ್ತೀನಿ.’

ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಕನ್ನಡಿ ನೋಡಿದರು. ದಾಟಲಿಲ್ಲ. ಸೇತುವೆ ಮುಗಿಯುವವರೆಗೂ ಟ್ರ್ಯಾಕ್ಟರಿನ ಹಿಂದೆಯೇ ಹೋದೆವು. ಆಕೆಯ ಕುತ್ತಿಗೆಯ ಮೇಲೆ ಬೆವರು ಇಳಿಯುವುದು ನನಗೆ ಕಾಣುತ್ತಿತ್ತು. ಅದನ್ನು ನೋಡಿ ನನ್ನ ಎದೆ ಸ್ವಲ್ಪ ಹಗುರಾಯಿತು. ಇನ್ನು ಈಕೆಯನ್ನು ಪರೀಕ್ಷೆಗೆ ಕಳಿಸಬಹುದು ಎಂದುಕೊಂಡೆ. ಮುಂದಿನ ತಿಂಗಳು ಕಳಿಸಿದೆ, ಮೊದಲ ಸಲಕ್ಕೇ ಪಾಸಾದರು.

ಆದ್ದರಿಂದ ಹೊಸ ಮಾಸ್ತರರೇ, ನಿಮ್ಮ ಪ್ರಶ್ನೆಗೆ ಉತ್ತರ: ಆಟ ಕೈಯನ್ನು ಕಲಿಸುತ್ತದೆ, ಕಣ್ಣನ್ನು ಅರ್ಧ ಕಲಿಸುತ್ತದೆ. ಅಂಥವರು ಬಂದರೆ ಕೈಯ ಪಾಠದಲ್ಲಿ ಹೊತ್ತು ಕಳೆಯಬೇಡಿ, ರಸ್ತೆಯ ಅಂಚು ತೋರಿಸಿ. ಅಲ್ಲಿ ನಿಂತವರನ್ನು ಎಣಿಸಲು ಹೇಳಿ. ಗಾಡಿಯೊಳಗೆ ಎರಡು ಅರ್ಥದ ಮಾತು ಆಡಬೇಡಿ. ನಾನು ಆಮೇಲೆ ‘ಕಾಲ ಎತ್ತು’ ಎಂಬುದನ್ನು ಬಿಟ್ಟು ಬೇರೇನೂ ಕೂಗಲಿಲ್ಲ. ಮತ್ತು ತಪ್ಪು ಒತ್ತಿದ ದಿನ, ಗಾಡಿ ಇಳಿಯುವ ಮೊದಲೇ, ಕಲಿಯುವವರಿಗೆ ಹೇಳಿಬಿಡಿ.

ಆ ಶನಿವಾರ ಮಿರಜದಲ್ಲಿ ವ್ಯಾಯಾಮ ಮಾಡಿಸುವಾಕೆ, ‘ಇಷ್ಟ ದಿನಾ ಯಾಕ ಬರ್ಲಿಲ್ಲ?’ ಎಂದು ಮರಾಠಿಯಲ್ಲಿ ಬೈದರು. ಮೆಹರುನ್ನಿಸಾ ನನ್ನ ಕಡೆಗೆ ನೋಡಲಿಲ್ಲ. ‘ಗಾಡಿ ಇರಲಿಲ್ರಿ’ ಎಂದಷ್ಟೇ ಹೇಳಿದರು. ಮಳೆಗಾಲದ ಹೊತ್ತಿಗೆ ಇಕ್ಬಾಲ್ ಭಾಯಿಯ ಕೈ ಮುಕ್ಕಾಲು ತಿರುಗಿ ಬಂತು. ಕಾಲು ಅರ್ಧಕ್ಕೆ ನಿಂತಿತು. ಹೋಗದೇ ಉಳಿದ ಆ ದಿನಗಳಿಂದಲೇ ಹಾಗಾಯಿತೋ, ಹೋಗಿದ್ದರೂ ಅಷ್ಟೇ ಆಗುತ್ತಿತ್ತೋ, ವೈದ್ಯರನ್ನು ಕೇಳಿದರೆ ಹೇಳುತ್ತಿದ್ದರೇನೋ. ನಾನು ಕೇಳಿಲ್ಲ.

ಈಗಲೂ ಬೆಳಿಗ್ಗೆ ಇಕ್ಬಾಲ್ ಭಾಯಿ ಕೋಲು ಊರಿಕೊಂಡು ನಮ್ಮ ಮನೆಯ ಮುಂದೆ ಹಾದುಹೋಗುತ್ತಾರೆ. ಒಂದು ಕಾಲಿನ ಸದ್ದು, ಆಮೇಲೆ ಇನ್ನೊಂದು ಕಾಲು ನೆಲ ಎಳೆಯುವ ಸದ್ದು. ಬಾಗಿಲ ಬಳಿ ನಿಂತು, ‘ಏನ್ ಮಾಸ್ತರ, ಆರಾಮ?’ ಎನ್ನುತ್ತಾರೆ.

‘ಆರಾಮ್ರಿ ಭಾಯಿ’ ಎನ್ನುತ್ತೇನೆ. ಆ ಸದ್ದು ಓಣಿಯ ತುದಿ ಮುಟ್ಟುವವರೆಗೆ ಕೈಯಲ್ಲಿರುವ ಪತ್ರಿಕೆಯ ಹಾಳೆ ತಿರುವುವುದಿಲ್ಲ.